ಸ್ಟೂಲಿನ ಮೇಲೆ ಎರವಲಣ್ಣ

ಅತಿಥಿಗಳ ಮುಂದೆ ಪ್ಯಾಂಟಿನ ಜಿಪ್ ಎಳೆದುಕೊಳ್ಳಲು ಮರೆತವನಿಗೂ ಒಂದು ಅನುಕೂಲವಿದೆ, ಅವನು ಗೋಡೆಯ ಕಡೆ ತಿರುಗಿ ನಿಲ್ಲಬಹುದು. ಎರವಲಣ್ಣನಿಗೆ ಅದೂ ಇರಲಿಲ್ಲ. ಅವನ ಮಾನ ಹೋದದ್ದೇ ಗೋಡೆಯ ಮೇಲೆ. ಹದಿನಾಲ್ಕು ಅಡಿ ಅಗಲದ ಪರದೆಯಲ್ಲಿ, ಕೆಂಪು ಅಕ್ಷರದಲ್ಲಿ, ಹೆಸರು ಸಮೇತ.

ನಮ್ಮದು ಚೀಟಿ ಮುದ್ರಿಸುವ ಯಂತ್ರ ಮಾಡುವ ಕಂಪನಿ. ಲ್ಯಾಬಿನಲ್ಲಿ ನಿಮ್ಮ ತೋಳಿಗೆ ಸೂಜಿ ಚುಚ್ಚಿ ರಕ್ತ ತೆಗೆದು, ಆ ಟ್ಯೂಬಿಗೆ ನಿಮ್ಮ ಹೆಸರು, ವಯಸ್ಸು, ನಂಬರು ಇರುವ ಸಣ್ಣ ಚೀಟಿ ಅಂಟಿಸುತ್ತಾರಲ್ಲ, ಆ ಚೀಟಿ ಹೊರಬರುವುದು ನಮ್ಮ ಯಂತ್ರದ ಬಾಯಿಂದ. ಹಳೆಯದೊಂದು ಕಂಪ್ಯೂಟರ್ ಭಾಷೆಯಲ್ಲಿ ಬರೆದ ಪ್ರೋಗ್ರಾಮಿನಿಂದ ಇಪ್ಪತ್ತೆರಡು ವರ್ಷ ಓಡಿದ ಈ ಯಂತ್ರವನ್ನು ಹೊಸ ಭಾಷೆಗೆ ತರುವ ಕೆಲಸ ನಡೆದಿತ್ತು. ಆ ಸೋಮವಾರ ಹಲವು ಲ್ಯಾಬುಗಳ ಯಜಮಾನರಾದ ನಮ್ಮ ದೊಡ್ಡ ಗಿರಾಕಿಯೊಬ್ಬರು ಇಬ್ಬರು ಸಹಾಯಕರೊಂದಿಗೆ ನೋಡಲು ಬಂದಿದ್ದರು. ನಮ್ಮ ಡೈರೆಕ್ಟರ್ ಮೇಡಂ ಗೋಡೆ ತೋರಿಸಿ, "ಹನ್ನೆರಡು ಜನ ಹನ್ನೆರಡು ಭಾಗ ಬರೆದಿದಾರೆ ಸಾರ್. ಈಗ ಎಲ್ಲಾ ಒಟ್ಟಿಗೆ ಸೇರತ್ತೆ, ಹನ್ನೆರಡೂ ಚೌಕ ಹಸಿರಾಗತ್ತೆ, ನೋಡಿ," ಎಂದರು.

ಹನ್ನೊಂದು ಹಸಿರಾಯಿತು. ಹನ್ನೆರಡನೆಯದು ಒಂದು ಕ್ಷಣ ಯೋಚಿಸಿ, ಕೆಂಪಾಗಿ, ಒಂದಷ್ಟು ಸಾಲು ಕಾರಿಕೊಂಡಿತು.

"ಏನಂತೆ ಅದು?" ಲ್ಯಾಬಿನ ಯಜಮಾನರು ಕನ್ನಡಕ ಏರಿಸಿದರು.

ಉತ್ತರ ಕೊಟ್ಟವನು ಎರವಲಣ್ಣನ ಬಾಮೈದ. ಅವನ ಹೆಂಡತಿಯ ತಮ್ಮ, ನಮ್ಮೆಲ್ಲರ ಕೆಲಸ ಪರಿಶೀಲಿಸುವ ಅಧಿಕಾರಿ. "ಎರವಲು ತಂದಿದ್ದನ್ನ ವಾಪಸ್ ಕೊಡ್ತೀನಿ ಅಂತ ಬರೆದಿದಾರೆ ಸಾರ್. ಯಾರ ಹತ್ರ ಎರವಲು ತಂದಿದ್ದು ಅನ್ನೋದು ಮಾತ್ರ ಅವರಿಗೇ ಗೊತ್ತಿಲ್ಲ."

"ಬರೆದವರು ಯಾರು?"

"ನಮ್ಮ ಭಾವ. ಅಗೋ, ಕಂಬದ ಹಿಂದೆ ನಿಂತಿದಾರಲ್ಲ, ಅವರೇ."

ಯಜಮಾನರು ನಕ್ಕರು. ಅವರು ನಕ್ಕಿದ್ದರಿಂದ ಸಹಾಯಕರು ನಕ್ಕರು. ಮೇಡಂ ನಗದಿದ್ದರೂ ತಡೆಯಲಿಲ್ಲವಾದ್ದರಿಂದ ನಾವೂ ನಕ್ಕೆವು. ಐವತ್ತಮೂರು ವರ್ಷದ ಆ ಮನುಷ್ಯನಿಗೆ ತಂದೆತಾಯಿ ಇಟ್ಟ ಹೆಸರು ಅಂದೇ ಕಳೆದುಹೋಯಿತು. ಎರವಲಣ್ಣ ಎಂಬುದು ಸಂಜೆಯೊಳಗೆ ಊಟದ ಕೋಣೆಯ ಹುಡುಗನ ಬಾಯಿಗೂ ಬಂದಿತ್ತು.

ಅತಿಥಿಗಳು ಹೋದ ಮೇಲೆ ಮೇಡಂ ಅವನನ್ನು ಕರೆದರು. ಕೂಗಾಡುವ ಹೆಂಗಸಲ್ಲ ಅವರು. ಕೂಗಾಡಿದ್ದರೆ ಚೆನ್ನಾಗಿತ್ತು.

"ಇನ್ನು ಹದಿನೈದು ದಿನಕ್ಕೆ ಅವರು ಮತ್ತೆ ಬರ್ತಾರೆ. ಅವತ್ತು ನಿಮ್ಮ ಚೌಕ ಹಸಿರಾಗಿರ್ಬೇಕು, ಯಾಕೆ ಹಸಿರಾಯ್ತು ಅಂತ ನೀವೇ ಅವರಿಗೆ ಹೇಳ್ಬೇಕು. ಆಗ್ಲಿಲ್ಲ ಅಂದ್ರೆ ಬೇಜಾರಿಲ್ಲ. ಕೆಳಗೆ ಒಂದು ಸೀಟ್ ಖಾಲಿ ಇದೆ."

ಕೆಳಗೆ ಎಂದರೆ ನೆಲಮಾಳಿಗೆ. ಕಿಟಕಿಯಿಲ್ಲದ ಕೋಣೆ, ಆರು ಮೇಜು, ಆರು ಹೆಡ್‌ಫೋನು. ಯಂತ್ರ ಕೆಟ್ಟಾಗ ಗಿರಾಕಿಗಳು ಬೈಯಲು ಫೋನು ಮಾಡುತ್ತಾರೆ, ಅವರು ಬೈದು ಮುಗಿಸುವವರೆಗೆ "ಹೌದು ಸಾರ್" ಎನ್ನುತ್ತಿರಬೇಕು. ಹಳೆಯ ಭಾಷೆ ಬಿಟ್ಟು ಬೇರೆ ಕಲಿಯಲಾಗದವರನ್ನು ಮೇಡಂ ಒಬ್ಬೊಬ್ಬರಾಗಿ ಅಲ್ಲಿಗೆ ಇಳಿಸಿದ್ದರು. ನೆಲಮಾಳಿಗೆಯಿಂದ ಮೇಲಕ್ಕೆ ಬಂದ ಜೀವ ಇದುವರೆಗೆ ಹೆಗ್ಗಣವೊಂದೇ.

ಎರವಲಣ್ಣನ ಕುರ್ಚಿ ಇದ್ದದ್ದು ಕಿಟಕಿಯ ಪಕ್ಕ. ಅದರ ಕೈಯ ಸ್ಪಂಜು ಕಿತ್ತುಹೋದ ಕಡೆ ತಾನೇ ಚೀಟಿಯ ಸುರುಳಿ ಸುತ್ತಿದ್ದ. ಹಿಂಬದಿಯ ಮೆತ್ತೆಯಲ್ಲಿ ಅವನ ಬೆನ್ನಿನ ಅಚ್ಚು ಎಷ್ಟು ಚೆನ್ನಾಗಿ ಮೂಡಿತ್ತೆಂದರೆ, ಅವನು ರಜೆಯಲ್ಲಿದ್ದಾಗಲೂ ಅರ್ಧ ಹಾಜರಿ ಇದ್ದಂತಿತ್ತು. ತಪ್ಪಾಗಿ ಮುದ್ರಣವಾದ ಚೀಟಿಗಳ ಬೆನ್ನ ಮೇಲೆ ಮೊದಲು ಪೆನ್ಸಿಲಿನಲ್ಲಿ ಪ್ರೋಗ್ರಾಂ ಬರೆದು, ಆಮೇಲೆ ಟೈಪು ಮಾಡುವವನು. ಟೈಮೆಷ್ಟು ಎಂದು ಕೇಳಿದರೆ ಸೆಕೆಂಡು ಸೇರಿಸಿ ಹೇಳುವವನು. ಒಮ್ಮೆ ಮೇಡಂ ಹೊಸ ಬಣ್ಣದ ಗೋಡೆ ತೋರಿಸಿ ಹೇಗಿದೆ ಎಂದಾಗ, ಎಡಮೂಲೆಯಲ್ಲಿ ಎರಡು ಬೆರಳಿನಷ್ಟು ಬಣ್ಣ ಹತ್ತಿಲ್ಲ ಎಂದವನು. ಆ ಕುರ್ಚಿ ಬಿಟ್ಟರೆ ಅವನಿಗೆ ಆಫೀಸಿನಲ್ಲಿ ತನ್ನದೆಂಬುದು ಏನೂ ಇರಲಿಲ್ಲ. ಮನೆಯಲ್ಲೂ ಹೆಚ್ಚೇನಿರಲಿಲ್ಲ ಎಂದು ಆಮೇಲೆ ಗೊತ್ತಾಯಿತು.

ಇನ್ನು ಸ್ಟೂಲಿನ ವಿಷಯ. ಗೋಡೆಯ ಚೌಕ ಯಾರಿಂದ ಕೆಂಪಾಯಿತೋ ಅವರು ಅದು ಹಸಿರಾಗುವವರೆಗೆ ಆ ಚೌಕದ ಕೆಳಗೆ ಮೂರು ಕಾಲಿನ ಮರದ ಸ್ಟೂಲಿನ ಮೇಲೆ, ಎಲ್ಲರಿಗೂ ಮುಖ ಕಾಣುವಂತೆ, ಲ್ಯಾಪ್‌ಟಾಪು ತೊಡೆಯ ಮೇಲಿಟ್ಟುಕೊಂಡು ಕೂರಬೇಕು. ಇದು ನಮ್ಮ ಆಫೀಸಿನ ಕಾನೂನು. ಈ ಕಾನೂನು ಮಾಡಿದವನು ಎರವಲಣ್ಣನೇ. ಎಂಟು ವರ್ಷದ ಹಿಂದೆ ಬಾಮೈದನನ್ನು ಇಲ್ಲಿ ಕೆಲಸಕ್ಕೆ ಸೇರಿಸಿದವನು ಅವನು. ಹೊಸದರಲ್ಲಿ ಆ ಹುಡುಗ ಏನೋ ಮುರಿದಾಗ, ಸಂಬಂಧಿಕನೆಂಬ ರಿಯಾಯಿತಿ ಇಲ್ಲ ಎಂದು ಜಗತ್ತಿಗೆ ತೋರಿಸಲು ಉಗ್ರಾಣದಿಂದ ಸ್ಟೂಲು ತರಿಸಿ ಎರಡು ದಿನ ಕೂರಿಸಿದ್ದ.

"ಏಳಿ ಭಾವ. ಸ್ಟೂಲು ಕಾಯ್ತಿದೆ," ಎಂದ ಬಾಮೈದ.

"ಸುಮ್ನಿರೋ. ನಂಗೆ ಬೆನ್ನುನೋವು."

"ನಂಗೂ ಅವತ್ತು ಜ್ವರ ಇತ್ತು."

ಭಾವನ ಮುಖದಲ್ಲಿ ಯಾವ ಭಾವವೂ ಕಾಣಲಿಲ್ಲ. ಎದ್ದು ಹೋಗಿ ಕೂತ.

ಅವನ ತಪ್ಪೇನೆಂದು ಹೇಳಿಬಿಡುತ್ತೇನೆ, ಹೆದರಬೇಡಿ. ಹೋಟೆಲಿನ ರೂಮಿನಲ್ಲಿ ಕೂತು ನೀವೊಂದು ಪತ್ರ ಬರೆಯುತ್ತೀರಿ. ರೂಮು ಖಾಲಿ ಮಾಡಿ ಹೊರಡುವಾಗ, ಪತ್ರ ಕೇಳಿದವನ ಕೈಗೆ ಪತ್ರ ಕೊಡುವ ಬದಲು, "ಮುನ್ನೂರ ಆರನೇ ರೂಮು, ಮೇಜಿನ ಮೇಲಿದೆ" ಎಂದು ಬರೆದ ಕಾಗದದ ಚೂರು ಕೊಡುತ್ತೀರಿ. ಅವನು ಹೋಗಿ ಬಾಗಿಲು ತೆರೆಯುವ ಹೊತ್ತಿಗೆ ರೂಮು ಗುಡಿಸಿಯಾಗಿದೆ, ಒಳಗೆ ಯಾರೋ ಟವೆಲು ಸುತ್ತಿಕೊಂಡು ನಿಂತಿದ್ದಾರೆ. ವಸ್ತುವನ್ನು ಕೊಡದೆ ಅದರ ವಿಳಾಸ ಮಾತ್ರ ಕೊಡುವುದಕ್ಕೆ ನಮ್ಮಲ್ಲಿ ಎರವಲು ಎನ್ನುತ್ತಾರೆ. ಹಳೆಯ ಭಾಷೆ ಉದಾರಿ, ಯಾರು ಯಾವ ವಿಳಾಸ ಕೊಟ್ಟರೂ ಕೇಳುತ್ತಿರಲಿಲ್ಲ. ಹೊಸ ಭಾಷೆಯಲ್ಲಿ ಕಂಪೈಲರ್ ಎಂಬ ಪರೀಕ್ಷಕನಿದ್ದಾನೆ. ನಾವು ಬರೆದದ್ದು ಯಂತ್ರಕ್ಕೆ ಮುಟ್ಟುವ ಮೊದಲೇ ಅವನು ಅಡ್ಡ ನಿಂತು ಪ್ರತಿ ಎರವಲಿಗೂ ಆಯಸ್ಸು ಕೇಳುತ್ತಾನೆ. ರೂಮು ಎಷ್ಟು ಹೊತ್ತು ನಿಮ್ಮದು? ವಿಳಾಸ ಹಿಡಿದವನು ಎಷ್ಟು ಹೊತ್ತಿಗೆ ಬರುತ್ತಾನೆ? ಲೆಕ್ಕ ತಾಳೆಯಾಗದಿದ್ದರೆ ಕೆಂಪು.

ಹಳೆಯ ಯಂತ್ರದಲ್ಲಿ ಎರವಲಣ್ಣ ಒಂದು ಖಾಯಂ ಡಬ್ಬಿ ಇಟ್ಟಿದ್ದ. ಅರವತ್ತನಾಲ್ಕು ಅಕ್ಷರ ಹಿಡಿಯುವ ಡಬ್ಬಿ. ಯಾರು ರೋಗಿಯ ಹೆಸರು ಕೇಳಿದರೂ ಅದರಲ್ಲಿ ಬರೆದು, "ಡಬ್ಬಿಯಲ್ಲಿದೆ, ನೋಡಿಕೋ" ಎಂದು ವಿಳಾಸ ಕೊಡುತ್ತಿದ್ದ. ಹೊಸ ಭಾಷೆಯಲ್ಲಿ ಹಾಗೆ ಎಲ್ಲರೂ ಕೈ ಹಾಕುವ ಡಬ್ಬಿ ಕೂಡದು. ಸರಿ, ಡಬ್ಬಿಯನ್ನು ಕೆಲಸದ ಒಳಗೇ ಮಾಡಿಕೊಂಡ. ಕೆಲಸ ಮುಗಿದೊಡನೆ ಡಬ್ಬಿ ಸಾಯುತ್ತದೆ. ಇವನು ಮಾತ್ರ ಹಳೆಯ ರೂಢಿಯಂತೆ ವಿಳಾಸ ಕೊಟ್ಟೇ ಕೊಟ್ಟ.

ಮೊದಲ ಮೂರು ದಿನ ಅವನು ಚೀಟಿ ಅಂಟಿಸಿದ. ಆಯಸ್ಸು ಸೂಚಿಸಲು ಹೊಸ ಭಾಷೆಯಲ್ಲಿ ಒಂದು ಗುರುತಿದೆ, ಸಣ್ಣ ಮೇಲ್ಗೀಟು, ಪಕ್ಕಕ್ಕೊಂದು ಅಕ್ಷರ. ಇದು ಇದರಷ್ಟು ಕಾಲ ಬಾಳುತ್ತದೆ ಎಂದು ತಿಳಿಸುವ ಚೀಟಿ ಅಷ್ಟೆ. ಇಪ್ಪತ್ತೆರಡು ವರ್ಷ ಚೀಟಿಯ ಅನ್ನ ತಿಂದ ಮನುಷ್ಯ. ಚೀಟಿ ಇದ್ದಲ್ಲಿ ವಸ್ತು ಇದ್ದೇ ಇರುತ್ತದೆಂಬ ನಂಬಿಕೆ ಅವನ ಎಲುಬಿಗಿಳಿದಿತ್ತು. ಕೇಳಿದ್ದಕ್ಕೂ ಅಂಟಿಸಿದ, ಕೇಳದ್ದಕ್ಕೂ ಅಂಟಿಸಿದ. ಬರಹದ ತುಂಬ ಗೀಟುಗಳಾಗಿ ಗುಬ್ಬಿ ಓಡಾಡಿದ ಮರಳಿನಂತಾಯಿತು. ಕಂಪೈಲರ್ ಒಪ್ಪಲಿಲ್ಲ. ಚೀಟಿ ಅಂಟಿಸಿದರೆ ಖಾಲಿ ಟ್ಯೂಬಿಗೆ ರಕ್ತ ಬರುವುದಿಲ್ಲ.

"ಇಪ್ಪತ್ತೆರಡು ವರ್ಷ ಓಡಿದೆ ಕಣೋ ಇದು!" ಎಂದ ನಾಲ್ಕನೆಯ ದಿನ.

"ನೀವೂ ಐವತ್ತಮೂರು ವರ್ಷ ಓಡಿದೀರಿ ಭಾವ. ಈಗ ಕೂತಿಲ್ವಾ?"

ನಾವು ನಕ್ಕೆವು. ಚೆನ್ನಾಗಿತ್ತು ಮಾತು, ಏನು ಮಾಡೋಣ.

ಐದನೆಯ ದಿನ ಅವನು ಎಲ್ಲಕ್ಕಿಂತ ದೊಡ್ಡ ಚೀಟಿ ಅಂಟಿಸಿದ. ಇದು ಪ್ರೋಗ್ರಾಮು ಮುಗಿಯುವವರೆಗೂ ಸಾಯುವುದಿಲ್ಲ ಎನ್ನುವ ಚೀಟಿ. ನಾವು ಅದನ್ನು ಚಿರಂಜೀವಿ ಎನ್ನುತ್ತಿದ್ದೆವು. ಹೆಣಕ್ಕೆ ಚಿರಂಜೀವಿ ಎಂದು ಹೆಸರಿಟ್ಟರೆ ಎದ್ದು ಕೂರುತ್ತದೆಯೇ? ಮತ್ತೆ ಕೆಂಪು. ಆಮೇಲೆ ಹೆಸರಿನ ನಕಲು ಮಾಡಿ ಆ ನಕಲಿನ ವಿಳಾಸ ಕೊಟ್ಟ. ನಕಲೂ ಅದೇ ರೂಮಿನಲ್ಲಿ ಹುಟ್ಟಿದ್ದರಿಂದ ಅಲ್ಲೇ ಸತ್ತಿತು.

ಅಷ್ಟು ದಿನ ಕಂಪೈಲರ್ ಏನು ಹೇಳುತ್ತಿತ್ತೆಂದು ಓದಬಾರದಿತ್ತೇ ಎಂದು ನೀವು ಕೇಳಬಹುದು. ಓದುತ್ತಿದ್ದ, ಒಂದೇ ಸಾಲು. ಹಳೆಯ ಕಂಪೈಲರುಗಳು ಒಂದು ಚುಕ್ಕಿ ಬಿಟ್ಟರೆ ನಾನ್ನೂರು ಸಾಲು ಬೈಯುತ್ತಿದ್ದವು. ಮೊದಲನೆಯದು ಮಾತ್ರ ನಿಜ, ಮಿಕ್ಕದ್ದು ಬೊಗಳೆ. ಆದ್ದರಿಂದ ಅವನ ಲ್ಯಾಪ್‌ಟಾಪಿನಲ್ಲಿ ಮೊದಲ ಸಾಲು ಬಿಟ್ಟು ಉಳಿದುದೆಲ್ಲ ಮುಚ್ಚಿಹೋಗುವಂತೆ ಮಾಡಿಕೊಂಡಿದ್ದ. ಕಂಪೈಲರಿನ ಪೂರ್ತಿ ಬರಹ ಇದ್ದದ್ದು ಗೋಡೆಯ ಮೇಲೆ. ಚೌಕ ಹಸಿರಾಗುವವರೆಗೆ ಮೊದಲ ದಿನದ ತಪ್ಪೇ ಅಲ್ಲಿ ನಿಂತಿರುತ್ತದೆ. ಆದರೆ ಗೋಡೆಗೆ ಅವನ ಬೆನ್ನು. ಬರಹದ ಕೊನೆಯ ಎರಡು ಸಾಲು ಸರಿಯಾಗಿ ಅವನ ತಲೆಯ ಹಿಂದೆ.

ನಮಗೆ ಕಾಣುತ್ತಿರಲಿಲ್ಲವೇ? ಕಾಣುತ್ತಿತ್ತು. ಅವನು ಟೀಗೆ ಎದ್ದಾಗಲೆಲ್ಲ ಕಾಣುತ್ತಿತ್ತು. ಎರಡನೆಯ ದಿನವೇ ಎಲ್ಲರೂ ಓದಿದ್ದೆವು. ಯಾರೂ ಹೇಳಲಿಲ್ಲ. ಹೇಳಬಾರದೆಂದು ಮಾತಾಡಿಕೊಂಡಿರಲೂ ಇಲ್ಲ. ಅವನ ಕುರ್ಚಿ ಖಾಲಿಯಾದರೆ ಕಿಟಕಿಯ ಪಕ್ಕದ ಜಾಗ ಯಾರಿಗೆ ಎಂಬ ಮಾತು ಮಾತ್ರ ಅಲ್ಲಲ್ಲಿ ನಡೆಯುತ್ತಿತ್ತು.

ಎರಡನೆಯ ವಾರದ ಬುಧವಾರ ಊಟದ ಹೊತ್ತಿನಲ್ಲಿ ಬಾಮೈದ ಸ್ಟೂಲಿನ ಪಕ್ಕ ಕುಕ್ಕರಗಾಲಿನಲ್ಲಿ ಕೂತು, ಎಂದೂ ಇಲ್ಲದ ಪ್ರೀತಿಯಿಂದ ಕೇಳಿದ.

"ಎಷ್ಟು ದಿನ ಒದ್ದಾಡ್ತೀರಿ ಭಾವ? ಸೋರಿಸಿಬಿಡಿ."

"ಅಂದ್ರೆ?"

"ಡಬ್ಬಿ ಸಾಯೋದೇ ಬೇಡ ಅಂತ ಹೇಳೋ ದಾರಿ ಒಂದಿದೆ. ಒಂದು ಸಲ ತಗೊಂಡಿದ್ದ ಜಾಗ ಮತ್ತೆ ಯಾವತ್ತೂ ವಾಪಸ್ ಕೊಡೋದಿಲ್ಲ. ಆಗ ಅದು ನಿಜವಾಗ್ಲೂ ಚಿರಂಜೀವಿ. ಕಂಪೈಲರ್ ಬಾಯ್ ಮುಚ್ಕೊಳತ್ತೆ."

"ಅದು ತಪ್ಪಲ್ವೇನೋ?"

"ಅಕ್ಕನ ಮೇಲಾಣೆ, ಎಲ್ಲರೂ ಮಾಡ್ತಾರೆ."

ಮಾಡಿದ. ಚೌಕ ಹಸಿರಾಯಿತು. ಸ್ಟೂಲಿನಿಂದ ಎದ್ದು, ಎರಡೂ ಕೈ ಸೊಂಟಕ್ಕೆ ಕೊಟ್ಟು ಬೆನ್ನು ನೆಟ್ಟಗೆ ಮಾಡಿ, ಕಿಟಕಿಯ ಪಕ್ಕ ಹೋಗಿ ಕೂತ. ಒಂದಿಬ್ಬರು ಚಪ್ಪಾಳೆಯನ್ನೂ ತಟ್ಟಿದರು. ಅವನು ಮೇಜಿನ ಧೂಳು ಒರೆಸಿ, ಪೆನ್ಸಿಲು ಹೆರೆದು ಸಾಲಾಗಿ ಜೋಡಿಸಿದ.

ಮಾರನೆಯ ದಿನ ಬೆಳಿಗ್ಗೆ ಬಾಮೈದ ಮೇಡಂ ಅವರನ್ನು ಕರೆತಂದು, ಯಂತ್ರವನ್ನು ಆಫೀಸಿನ ಮಧ್ಯೆ ಇಡಿಸಿ, ಚೀಟಿ ಮುದ್ರಿಸಲು ಬಿಟ್ಟ. ಪ್ರತಿ ಚೀಟಿಗೂ ಒಂದು ಹೊಸ ಡಬ್ಬಿ, ಯಾವುದೂ ಸಾಯುವುದಿಲ್ಲ, ಯಾವುದೂ ಜಾಗ ಬಿಡುವುದಿಲ್ಲ. ಯಂತ್ರದ ನೆನಪು ಅಂಗೈಯಗಲದ್ದು. ಮೂರು ಸಾವಿರದ ನೂರ ಹದಿನೇಳನೆಯ ಚೀಟಿಯ ನಡುವೆ ಯಾರದೋ ಹೆಸರಿನ ಮೊದಲಕ್ಷರ ಉಗುಳಿ ಯಂತ್ರ ನಿಂತುಹೋಯಿತು.

"ಸೋರಿಸಿದಾರೆ ಮೇಡಂ," ಎಂದ ಬಾಮೈದ, ದುಃಖದಿಂದ. "ಇಪ್ಪತ್ತೆರಡು ವರ್ಷದ ಅನುಭವ ನೋಡಿ, ನಾನು ನಂಬಿಬಿಟ್ಟಿದ್ದೆ."

ಎರವಲಣ್ಣ ಬಾಯಿ ತೆರೆದ. ಎಲ್ಲರೂ ನೋಡುತ್ತಿದ್ದರು. ನೀನೇ ಹೇಳಿದ್ದಲ್ಲವೇನೋ ಎಂದು ಹೇಳಿದ್ದರೆ, ಬಾಮೈದ ಹೇಳಿದ್ದನ್ನು ಕುರಿಯಂತೆ ಕೇಳಿದವನೆಂದು ಒಪ್ಪಿಕೊಂಡಂತಾಗುತ್ತಿತ್ತು. ತೆರೆದ ಬಾಯಿಯಿಂದ ಆಕಳಿಸಿ ಮುಚ್ಚಿದ.

"ಐದು ದಿನ ಇದೆ," ಎಂದರು ಮೇಡಂ. ಹೋಗುವಾಗ ನೆಲಮಾಳಿಗೆಯ ಮೇಸ್ತ್ರಿಗೆ ಒಂದು ಹೆಡ್‌ಫೋನು ಒರೆಸಿಡಲು ಹೇಳಿದರು. ಗೋಡೆಯ ಮೇಲೆ ಹಳೆಯ ತಪ್ಪು ಮತ್ತೆ ಏರಿತು, ಅದರ ಕೆಳಗೆ ಅವನು.

ಶುಕ್ರವಾರ ಸಂಜೆ ಮನೆಯಲ್ಲಿ ನಡೆದದ್ದನ್ನು ಅವನ ಹೆಂಡತಿಯೇ ಆಮೇಲೆ ನಮ್ಮಲ್ಲೊಬ್ಬರ ಮನೆಯವರಿಗೆ ಹೇಳಿದ್ದು. ಊಟದ ಮೇಜಿನ ಮೇಲೆ ಆಕೆ ಫೋನು ತಳ್ಳಿದಳು.

"ನೋಡಿ, ತಮ್ಮ ಕಳ್ಸಿದಾನೆ."

"ಏನದು?"

"ನೀವು."

ಮನೆಯವರೆಲ್ಲ ಇರುವ ಗುಂಪಿಗೆ ಬಾಮೈದ ಫೋಟೋ ಹಾಕಿದ್ದ. ಸ್ಟೂಲಿನ ಮೇಲೆ ಎರವಲಣ್ಣ, ಬಿದ್ದ ಪೆನ್ಸಿಲು ಎತ್ತಿಕೊಳ್ಳಲು ನೆಲದವರೆಗೆ ಬಾಗಿದ್ದಾನೆ. ಕೆಳಗೆ, "ಭಾವನವರು ಸಿಂಹಾಸನಾರೂಢರು". ಅದರ ಕೆಳಗೆ ಚಿಕ್ಕಮ್ಮಂದಿರ ನಗು, ಷಡ್ಡಕನ ಹೆಬ್ಬೆಟ್ಟು. ಕಣ್ಣು ಸರಿಯಾಗಿ ಕಾಣದ ಅತ್ತೆ, "ಅಳಿಯಂದಿರ ಫೋಟೋ ಚೆನ್ನಾಗಿ ಬಂದಿದೆ" ಎಂದು ಬರೆಸಿದ್ದರು.

"ಯಾರಿಗೆ ಅಡ್ಡಬೀಳ್ತಿದೀರಿ ಇದರಲ್ಲಿ?"

"ಪೆನ್ಸಿಲ್ ಬಿದ್ದಿತ್ತು."

"ನಡುನೆತ್ತಿ ಇಷ್ಟು ಬೋಳಾಗಿದೆ ಅಂತ ನಂಗೇ ಗೊತ್ತಿರ್ಲಿಲ್ಲ ನೋಡಿ."

"ನಿನ್ನ ತಮ್ಮನಿಗೆ ಸ್ವಲ್ಪ ಹೇಳಬಾರ್ದಾ?"

"ಅವನನ್ನ ಕೂರಿಸ್ದಾಗ ನಾನೇನಾದ್ರೂ ಹೇಳಿದ್ನಾ ನಿಮಗೆ? ಮನೆಗೆ ಬಂದು ಅಮ್ಮನ ಹತ್ರ ಅತ್ತಿದ್ದ ಅವನು." ಆಕೆ ತಟ್ಟೆ ಎತ್ತಿಕೊಂಡು ಎದ್ದಳು. "ಅಂದ ಹಾಗೆ, ಕೆಳಗಿನ ಕೋಣೆಯಲ್ಲಿ ಸಂಬಳ ಅಷ್ಟೇನಾ?"

ಅವನು ಬೋಳು ಎಷ್ಟಿದೆಯೆಂದು ನಿಖರವಾಗಿ ತಿಳಿಯಲು ಎರಡು ಬೆರಳಿನಿಂದ ಫೋಟೋ ಹಿಗ್ಗಿಸಿದ. ಬೆರಳು ಜಾರಿ ಚಿತ್ರ ಮೇಲಕ್ಕೆ ಹೋಯಿತು. ತಲೆ ಕೆಳಗೆ ಬಾಗಿದ್ದರಿಂದ, ಹತ್ತು ದಿನ ಅದರ ಹಿಂದೆ ಅಡಗಿದ್ದ ಎರಡು ಸಾಲು ಅಲ್ಲಿ ಸ್ಪಷ್ಟವಾಗಿ ನಿಂತಿದ್ದವು. ಸಹಾಯ, ಎಂದು ಶುರುವಾಗಿದ್ದವು. ನಮ್ಮ ಮಾತಿನಲ್ಲಿ ಹೇಳುವುದಾದರೆ ಮೊದಲನೆಯದು, ಬೇಕಿದ್ದರೆ ಚಿರಂಜೀವಿ ಚೀಟಿ ಅಂಟಿಸಬಹುದು, ಆದರೆ ಬಹುಶಃ ನಿಮಗೆ ಬೇಕಿರುವುದು ಅದಲ್ಲ. ಎರಡನೆಯದು, ಎರವಲು ಯಾಕೆ, ವಸ್ತುವನ್ನೇ ಕೊಟ್ಟುಬಿಡಿ.

"ಕೊಟ್ಬಿಡು ಅಂತಿದೆ ಕಣೇ!" ಎಂದು ಅವನು ಕೂಗಿದ.

"ಏನನ್ನ?" ಅಡುಗೆಮನೆಯಿಂದ ಧ್ವನಿ.

"ಹೆಸರನ್ನ!"

"ಯಾರಿಗೆ?"

"ಕೇಳಿದವರಿಗೆ!"

"ಇಷ್ಟು ಹೇಳಕ್ಕೆ ಅದಕ್ಕೆ ಹತ್ತು ದಿನ ಬೇಕಾಯ್ತಾ?"

"ಇಲ್ಲ," ಎಂದ ಅವನು. "ಮೊದಲನೇ ದಿನವೇ ಹೇಳಿದೆ."

ಸೋಮವಾರ ಬಂದವನು ಯಾರನ್ನೂ ನೋಡದೆ ಸ್ಟೂಲಿನ ಮೇಲೆ ಕೂತ. ಎರವಲು ಎಂದು ಸೂಚಿಸುವ ಒಂದೇ ಒಂದು ಚಿಹ್ನೆಯನ್ನು ಅಳಿಸಿ, ಹೆಸರನ್ನು ಕೇಳಿದವರಿಗೇ ಒಪ್ಪಿಸುವಂತೆ ತಿದ್ದಿದ. ಅಲ್ಲಿಂದ ಮುಂದೆ ಆ ಹೆಸರು ಅವರದು. ಅವರ ಕೆಲಸ ಮುಗಿದಾಗ ಅದರ ಜಾಗ ತಾನೇ ಖಾಲಿಯಾಗುತ್ತದೆ, ಸೋರುವ ಮಾತೇ ಇಲ್ಲ. ಗುಬ್ಬಿಯ ಹೆಜ್ಜೆಗಳನ್ನೆಲ್ಲ ಒರೆಸಿದ. ಒಂದು ಕಡೆ ಮಾತ್ರ ಬಿಟ್ಟ. ಕೇಳಿದವರೇ ಕೊಟ್ಟ ಸಾಲಿನಿಂದ ರೋಗಿಯ ನಂಬರನ್ನು ಆರಿಸಿ ತೋರಿಸುವ ಕಡೆ. ಆ ಸಾಲು ಅವರದೇ, ಅವರ ಕೈಯಲ್ಲೇ ಬದುಕಿರುತ್ತದೆ, ಅದರ ಒಂದು ತುಂಡಿನ ವಿಳಾಸ ಕೊಟ್ಟರೆ ಮೋಸವಿಲ್ಲ. ಬಾಮೈದ ಅಲ್ಲಿ ತಪ್ಪು ಸಿಗುತ್ತದೆಂದು ಕಾದಿದ್ದ, ಸಿಗಲಿಲ್ಲ. ಇಪ್ಪತ್ತು ಸಾವಿರ ಚೀಟಿ ಮುದ್ರಿಸಿದ. ನೆನಪಿನ ಮುಳ್ಳು ಕದಲಲಿಲ್ಲ. ಇನ್ನೈದು ಸಾವಿರ ಮುದ್ರಿಸಿದ. ಕಾಗದ ಮುಗಿಯಿತು.

"ಹಸಿರು," ಎಂದ ಕೊನೆಗೆ, ಹಲ್ಲು ಕಿತ್ತಿಸಿಕೊಂಡವನ ಹಾಗೆ.

ಮಂಗಳವಾರ ಲ್ಯಾಬಿನ ಯಜಮಾನರು ಬಂದರು. ಮೇಜಿನ ಮೇಲೆ ಹೊಸ ಯಂತ್ರ, ಪಕ್ಕದಲ್ಲಿ ಹೋಲಿಕೆಗೆಂದು ಹಳೆಯದು. ಎರಡಕ್ಕೂ ಎರಡೆರಡು ಬಾಯಿ, ಎಡಕ್ಕೊಂದು ಬಲಕ್ಕೊಂದು. ಲ್ಯಾಬಿನಲ್ಲಿ ಆಚೆ ಈಚೆ ಇಬ್ಬರು ಕೂತು, ತಮ್ಮ ತಮ್ಮ ಹಸಿರು ಗುಂಡಿ ಒತ್ತಿ ಚೀಟಿ ತೆಗೆದು ಟ್ಯೂಬಿಗೆ ಅಂಟಿಸುತ್ತಾರೆ.

ಮೇಡಂ ಕಣ್ಣು ಮಾಡಿದರು. ಎರವಲಣ್ಣ ಮುಂದೆ ಬಂದು ಹೇಳತೊಡಗಿದ. ನಿಜ ಹೇಳಬೇಕೆಂದರೆ, ಅಷ್ಟು ಚೆನ್ನಾಗಿ ಅವನು ಮಾತಾಡಿದ್ದನ್ನು ನಾವು ಕೇಳಿರಲಿಲ್ಲ. ಯಾವುದು ನಮ್ಮ ಒಳಗೆ ಹುಟ್ಟಿತೋ ಅದನ್ನು ಇಡಿಯಾಗಿ ಕೊಟ್ಟುಬಿಡಬೇಕು, ಯಾವುದು ನೀವು ಕೊಟ್ಟದ್ದೋ ಅದನ್ನು ಮಾತ್ರ ಎರವಲೆಂದು ತೋರಿಸಬಹುದು, ಎಂದ. ಕಂಪೈಲರನ್ನು ಹತ್ತು ದಿನ ಶನಿ ಎಂದು ಬೈದೆ, ಅದು ಹತ್ತು ದಿನವೂ ನನ್ನ ಬೆನ್ನ ಹಿಂದೆ ನಿಂತು ಉತ್ತರ ಹೇಳುತ್ತಿತ್ತು, ಎಂದ. ಯಜಮಾನರು ತಲೆದೂಗಿದರು. ನಾವು ನಮ್ಮ ಬೂಟು ನೋಡಿಕೊಂಡೆವು.

"ಅರ್ಥ ಆಯ್ತು," ಎಂದರು ಯಜಮಾನರು. "ಹಾಗಾದ್ರೆ ಹಳೇದರಲ್ಲಿ? ಒಂದೇ ಡಬ್ಬಿ ಇತ್ತು ಅಂದ್ರಿ. ಅದರಿಂದ ಏನೂ ತೊಂದರೆ ಇರ್ಲಿಲ್ವಾ?"

ಇಲ್ಲ ಸಾರ್ ಎಂದಿದ್ದರೆ ಮುಗಿಯುತ್ತಿತ್ತು. ಎರವಲಣ್ಣ ಹಳೆಯ ಯಂತ್ರದ ಮುಂದೆ ಹೋಗಿ, ಎಡಬಾಯಿಗೆ ಒಂದು ಹೆಸರು, ಬಲಬಾಯಿಗೆ ಇನ್ನೊಂದು ಹೆಸರು ತುಂಬಿ, ಎರಡು ಹೆಬ್ಬೆರಳನ್ನು ಎರಡು ಗುಂಡಿಯ ಮೇಲಿಟ್ಟು ಒಟ್ಟಿಗೆ ಒತ್ತಿದ. ಎರಡು ಚೀಟಿ ಬಂದವು. ಎರಡರಲ್ಲೂ ಒಂದೇ ಹೆಸರು.

"ಎಡಗಡೆಯವರ ಹೆಸರು ಡಬ್ಬಿಗೆ ಬರೆದಾಗಿರತ್ತೆ ಸಾರ್. ಅವರು ಓದೋಕೆ ಮುಂಚೆ ಬಲಗಡೆಯವರ ಹೆಸರು ಅದರ ಮೇಲೇ ಬರ್ಕೊಳತ್ತೆ. ಇಬ್ಬರೂ ಡಬ್ಬೀಲಿ ಇರೋದನ್ನೇ ಓದ್ತಾರೆ," ಎಂದು ಅವನು ಉತ್ಸಾಹದಿಂದ ವಿವರಿಸಿದ.

ಯಜಮಾನರು ಆ ಎರಡು ಚೀಟಿಗಳನ್ನು ಅಂಗೈ ಮೇಲಿಟ್ಟುಕೊಂಡು ಬಹಳ ಹೊತ್ತು ನೋಡಿದರು.

"ಬೆಳಿಗ್ಗೆ ಗಲಾಟೆ ಇದ್ದಾಗ ಹೀಗೆ ಆಗ್ತಿತ್ತು. ಒಬ್ಬರ ರಕ್ತ, ಇನ್ನೊಬ್ಬರ ಹೆಸರು. ಅಂಟಿಸೋರೇ ತಪ್ಪು ಮಾಡ್ತಾರೆ ಅಂದ್ಕೊಂಡು ಮೂರು ಜನ ಹೆಣ್ಣುಮಕ್ಕಳನ್ನ ಕೆಲಸದಿಂದ ತೆಗೆದೆವು," ಎಂದರು. "ಒಬ್ಬಳು ಅಳ್ತಾ ಹೇಳ್ತಿದ್ಲು, ನಾನು ಗುಂಡಿ ಒತ್ತಿದ್ದಷ್ಟೇ ಸಾರ್ ಅಂತ."

ಮೊದಲು ಚೇತರಿಸಿಕೊಂಡವರು ಮೇಡಂ. "ಅದಕ್ಕೇ ಸಾರ್ ಹೊಸ ಯಂತ್ರ," ಎಂದರು. "ಇದನ್ನ ಕಂಡುಹಿಡಿದವರೇ ಇವರು. ಹೊಸದನ್ನ ಇವರ ಕೈಗೇ ಒಪ್ಪಿಸ್ತೀನಿ. ಇವರ ಕುರ್ಚಿ ಇವರದ್ದೇ, ಇನ್ಮೇಲೆ ಪರಿಶೀಲನೆಯೂ ಇವರದ್ದೇ." ಬಾಮೈದನ ಮುಖ ಸುಣ್ಣವಾಯಿತು.

ಯಜಮಾನರು ಮೇಡಂ ಕಡೆ ತಿರುಗಲಿಲ್ಲ. ಎರವಲಣ್ಣನನ್ನೇ ನೋಡುತ್ತ, ಮೆತ್ತಗೆ ಕೇಳಿದರು.

"ಇದು ನಿಮಗೆ ಯಾವಾಗ ಗೊತ್ತಾಯ್ತು?"

"ನಿನ್ನೆ ಅನ್ನಿ ಭಾವ," ಎಂದು ಬಾಮೈದ ತುಟಿ ಅಲ್ಲಾಡಿಸದೆ ಉಸುರಿದ. ಅಷ್ಟು ವರ್ಷದಲ್ಲಿ ಅವನು ಭಾವನಿಗೆ ಮಾಡಿದ ಒಂದೇ ಉಪಕಾರ ಅದು.

"ಯಂತ್ರ ಹೊರಗೆ ಹೋದ ಮೊದಲನೇ ವರ್ಷವೇ ಗೊತ್ತಿತ್ತಲ್ಲ ಸಾರ್," ಎಂದ ಎರವಲಣ್ಣ. "ಕೈಪಿಡೀಲಿ ಬರೆದಿದೀನಿ ನೋಡಿ. ನಲವತ್ತೊಂದನೇ ಪುಟ, ಒದ್ದೆ ಬಟ್ಟೇಲಿ ಒರೆಸಬಾರದು ಅಂತ ಇದೆಯಲ್ಲ, ಅದರ ಕೆಳಗಿನ ಸಾಲು. ಎರಡೂ ಗುಂಡಿ ಒಟ್ಟಿಗೆ ಒತ್ತಬಾರದು ಅಂತ."